ನಮ್ಮ ದನಿ ಎಲ್ಲರಿಗೂ ಕೇಳಲಿ: ಕರೋಕೆ ಹಾಡಿಗೆ ಸ್ಪೀಕರ್ ಆರಿಸುವುದು, ಇಡುವುದು ಹೇಗೆ?



ಕೆಲವು ವರ್ಷಗಳ ಹಿಂದೆ ಐರಣಿಯಲ್ಲಿ ಒಂದು ಸ್ವಸಹಾಯ ಸಂಘದ ವಾರ್ಷಿಕೋತ್ಸವ ಇತ್ತು. ಬಾಡಿಗೆಗೆ ಸ್ಪೀಕರ್ ಸೆಟ್ ತರಿಸಿದ್ದೆವು. "ಬಾಕ್ಸುಗಳನ್ನು ಹಿಂದಿನ ಗೋಡೆಗೆ ಹಚ್ಚಿ ಇಡ್ರಿ, ವೇದಿಕೆ ಚಂದ ಕಾಣಿಸ್ತದ" ಅಂತ ಹೇಳಿದವಳು ನಾನೇ. ಮೊದಲು ಬಂದವರು ಒಬ್ಬ ಹಿರಿಯ ಅಜ್ಜಿ. ಬೀಸುವ ಪದ ಹೇಳುವುದರಲ್ಲಿ ಅವರಿಗೆ ಸಮ ಯಾರೂ ಇರಲಿಲ್ಲ. ಬಾಯಿ ತೆರೆದು ಒಂದು ಸಾಲು ಹೇಳುವಷ್ಟರಲ್ಲಿ ಮೈಕು "ಕುಂಯ್" ಅಂತ ಕಿರುಚಿತು. ಹುಡುಗರು ನಕ್ಕರು. ಅಜ್ಜಿ ಮತ್ತೊಮ್ಮೆ ಶುರು ಮಾಡಿದರು, ಅದು ಮತ್ತೆ ಕಿರುಚಿತು. "ನನ್ನ ದನಿ ಸುಟ್ಟೈತಿ ಬಿಡ್ರಿ ಸಿಸ್ಟರ್" ಅಂತ ಮೈಕನ್ನು ನನ್ನ ಕೈಗೆ ಕೊಟ್ಟು ಹೋಗಿ ಹಿಂದೆ ಕುಳಿತರು. ಆ ದಿನ ಮತ್ತೆ ಹಾಡಲಿಲ್ಲ.

ಅವರ ದನಿಯಲ್ಲಿ ಯಾವ ದೋಷವೂ ಇರಲಿಲ್ಲ. ತಪ್ಪಿದ್ದದ್ದು ಸ್ಪೀಕರ್ ಇಟ್ಟ ಜಾಗದಲ್ಲಿ, ಅಂದರೆ ನನ್ನಲ್ಲಿ. ಈಗ ಅನೇಕ ಸಂಘಗಳು "ನಾವೇ ಒಂದು ಕರೋಕೆ ಸೆಟ್ ತಗೊಳ್ಳೋಣವೇ?" ಅಂತ ಕೇಳುತ್ತಿವೆ. ಹಣ ಹಾಕುವ ಮುಂಚೆ ತಿಳಿದಿರಬೇಕಾದ ನಾಲ್ಕು ಮಾತು ಇಲ್ಲಿವೆ.

ಕರೋಕೆ ಅಂದರೆ ಏನು?

ಹಾಡಿನಿಂದ ಹಾಡುಗಾರರ ದನಿ ತೆಗೆದು ಬರೀ ವಾದ್ಯ ಉಳಿಸಿದ ಧ್ವನಿಮುದ್ರಣಕ್ಕೆ ನಾವು ದನಿ ಕೂಡಿಸಿ ಹಾಡುವುದೇ ಕರೋಕೆ. ಇದು ಜಪಾನಿ ಮಾತು. 'ಕರಾ' ಅಂದರೆ ಖಾಲಿ, 'ಓಕೆ' ಅಂದರೆ ಆರ್ಕೆಸ್ಟ್ರಾ. ಹಾಡುಗಾರರಿಲ್ಲದ ಖಾಲಿ ವಾದ್ಯಗೋಷ್ಠಿ ಅಂತ ಅರ್ಥ. 1971ರಲ್ಲಿ ಜಪಾನಿನ ಕೋಬೆ ನಗರದ ಡೈಸುಕೆ ಇನೊಯೆ ಎಂಬ ವಾದ್ಯಗಾರರು ಇದಕ್ಕೊಂದು ಯಂತ್ರ ಮಾಡಿ ಬಾಡಿಗೆಗೆ ಕೊಡಲು ಆರಂಭಿಸಿದರು. ಅವರು ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ, ಅದು ಲೋಕಕ್ಕೆಲ್ಲ ಹಬ್ಬಿತು. ಇಂದು ಮೊಬೈಲಿನಲ್ಲಿ ಕನ್ನಡ ಚಿತ್ರಗೀತೆ, ಭಾವಗೀತೆಗಳ ಕರೋಕೆ ಸುಲಭವಾಗಿ ಸಿಗುತ್ತವೆ. ನಮ್ಮ ಜಿಲ್ಲೆಯ ಶಿಶುನಾಳದ ಶರೀಫ ಸಾಹೇಬರ ತತ್ವಪದ, ಸೋಬಾನೆ ಪದ, ಬೀಸುವ ಪದಗಳಿಗೆ ವಾದ್ಯವೂ ಬೇಡ, ಒಂದು ಮೈಕು ಸಾಕು.

ಮೊದಲ ಪ್ರಶ್ನೆ: ಕೊಳ್ಳಬೇಕೇ?

ಹದಿನೈದು-ಇಪ್ಪತ್ತು ಮಂದಿ ಕೂಡುವ ವಾರದ ಸಭೆಗೆ ಸ್ಪೀಕರ್ ಬೇಕೇ ಇಲ್ಲ. ಬರೀ ದನಿ ಸಾಕು. ವರ್ಷಕ್ಕೆ ಎರಡು-ಮೂರು ಕಾರ್ಯಕ್ರಮ ಮಾತ್ರ ಇದ್ದರೆ ಬಾಡಿಗೆಯೇ ಲೇಸು. ಕೊಳ್ಳುವ ಬೆಲೆಯನ್ನು ಒಂದು ಸಲದ ಬಾಡಿಗೆಯಿಂದ ಭಾಗಿಸಿ ನೋಡಿರಿ. ಉತ್ತರ ಮೂವತ್ತು ಬಂದರೆ, ಮೂವತ್ತು ಕಾರ್ಯಕ್ರಮ ಆಗುವ ತನಕ ನಿಮ್ಮ ಹಣ ಹಿಂದಕ್ಕೆ ಬರುವುದಿಲ್ಲ. ಆ ನಡುವೆ ರಿಪೇರಿ ಖರ್ಚು ಬೇರೆ.

ಕೊಳ್ಳುವುದೇ ಆದರೆ ಎಲ್ಲ ಸದಸ್ಯೆಯರ ಸಭೆಯಲ್ಲಿ ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಉಳಿತಾಯದ ಹಣದಲ್ಲಿ ಒಳಸಾಲ ಕೇಳಿದ ಸದಸ್ಯೆ ಇದ್ದರೆ ಅವರ ಅಗತ್ಯ ಮೊದಲು. ಆಸ್ಪತ್ರೆ ಖರ್ಚು, ಬೀಜ-ಗೊಬ್ಬರದ ಖರ್ಚು ಕಾಯುವುದಿಲ್ಲ. ಹಾಡು ಒಂದು ತಿಂಗಳು ಕಾಯಬಹುದು.

ಅಂಗಡಿಯಲ್ಲಿ ಏನು ನೋಡಬೇಕು?

1. ವ್ಯಾಟ್ ಸಂಖ್ಯೆಗೆ ಮರುಳಾಗಬೇಡಿ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ 5000, 10000 ಅಂತ ಬರೆದು ಪಕ್ಕದಲ್ಲಿ ಸಣ್ಣದಾಗಿ 'ಪಿ.ಎಂ.ಪಿ.ಒ.' ಅಂತ ಇರುತ್ತದೆ. ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಲೆಕ್ಕ, ನಂಬುವಂಥದ್ದಲ್ಲ. 'ಆರ್.ಎಂ.ಎಸ್.' ವ್ಯಾಟ್ ಎಷ್ಟು ಅಂತ ಕೇಳಿರಿ. ಸ್ಪೀಕರ್ ನಿಲ್ಲದೆ ತಡೆದುಕೊಂಡು ಕೆಲಸ ಮಾಡುವ ಶಕ್ತಿ ಅದು.

2. ವ್ಯಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ. 100ರ ಬದಲು 200 ವ್ಯಾಟ್ ಹಾಕಿದರೆ ಹೆಚ್ಚುವುದು 3 ಡೆಸಿಬಲ್ ಮಾತ್ರ. ಕಿವಿಗೆ ಅದು ಸ್ವಲ್ಪ ಏರಿದ ಹಾಗೆ ಅನ್ನಿಸುತ್ತದೆ, ಅಷ್ಟೇ. ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಆದ್ದರಿಂದ ವ್ಯಾಟ್ ಜೊತೆಗೆ 'ಸೆನ್ಸಿಟಿವಿಟಿ' ಕೂಡ ಕೇಳಿರಿ. ಅಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಸದ್ದು ಅಂತ. 90 ಡೆಸಿಬಲ್ಲಿನ ಸ್ಪೀಕರು 100 ವ್ಯಾಟಿನಲ್ಲಿ ಮಾಡುವಷ್ಟು ಸದ್ದನ್ನು 96 ಡೆಸಿಬಲ್ಲಿನದು 25 ವ್ಯಾಟಿನಲ್ಲೇ ಮಾಡುತ್ತದೆ.

3. ಅಳತೆ. ಮೂವತ್ತು-ನಲವತ್ತು ಮಂದಿಯ ಕೋಣೆಗೆ 8 ಅಥವಾ 10 ಇಂಚಿನ ಒಂದು ಸ್ಪೀಕರ್ ಸಾಕು. ನೂರು-ನೂರೈವತ್ತು ಮಂದಿ ಕೂಡುವ ಅಂಗಳಕ್ಕೆ 12 ಇಂಚಿನ ಜೋಡಿ ಸಾಕಾಗುತ್ತದೆ. ಡಿ.ಜೆ.ಯವರ ದೊಡ್ಡ ಬಾಕ್ಸು ಎದೆ ನಡುಗಿಸುವುದಕ್ಕೆ ಮಾಡಿದ್ದು. ನಮಗೆ ಬೇಕಾದ್ದು ಹಾಡಿನ ಮಾತು ಸ್ಪಷ್ಟವಾಗಿ ಕೇಳುವುದು. ತುತ್ತೂರಿಯಂಥ ಹಾರ್ನ್ ಸ್ಪೀಕರ್ ದೂರಕ್ಕೆ ಕೇಳುತ್ತದೆ, ಪ್ರಚಾರಕ್ಕೆ ಸರಿ, ಹಾಡಿಗೆ ಅಲ್ಲ. ಅದರಲ್ಲಿ ದಪ್ಪ ಸ್ವರ ಬರುವುದಿಲ್ಲ.

4. ಟಿ.ವಿ.ಯ ಹೋಂ ಥಿಯೇಟರಿಗೆ ಮೈಕು ಚುಚ್ಚಬೇಡಿ. ಧ್ವನಿಮುದ್ರಿತ ಹಾಡಿನ ಏರಿಳಿತವನ್ನು ಮೊದಲೇ ಸಮ ಮಾಡಿರುತ್ತಾರೆ. ಮೈಕಿನ ದನಿ ಒಮ್ಮೆಲೇ ಏರುತ್ತದೆ, ಮೈಕು ಕೆಳಗೆ ಬಿದ್ದರೆ "ಢಂ" ಅನ್ನುತ್ತದೆ. ಮನೆಯ ಸ್ಪೀಕರ್ ಅದನ್ನು ತಡೆಯದೆ ಸುಟ್ಟುಹೋಗಬಹುದು. ಸಭೆ-ಸಮಾರಂಭಕ್ಕೆಂದೇ ಮಾಡಿದ ಸ್ಪೀಕರ್ ತೆಗೆದುಕೊಳ್ಳಿರಿ.

5. ಆಂಪ್ಲಿಫೈಯರ್ ಒಳಗೇ ಇರುವುದೋ, ಬೇರೆಯೋ? ಒಳಗೇ ಇರುವ 'ಆಕ್ಟಿವ್' ಸ್ಪೀಕರಿಗೆ ಜೋಡಣೆ ಕಡಿಮೆ, ತಪ್ಪೂ ಕಡಿಮೆ. ನಮ್ಮ ಸಂಘಗಳಿಗೆ ಅದೇ ಅನುಕೂಲ. ಬೇರೆ ಆಂಪ್ಲಿಫೈಯರ್ ಆದರೆ 'ಓಮ್' ಹೊಂದಬೇಕು. 8 ಓಮಿನ ಎರಡು ಬಾಕ್ಸುಗಳನ್ನು ಒಂದೇ ಕಡೆ ಅಕ್ಕಪಕ್ಕ ಜೋಡಿಸಿದರೆ 4 ಓಮ್ ಆಗುತ್ತದೆ. ಆಂಪ್ಲಿಫೈಯರ್ 4 ಓಮಿಗೆ ತಕ್ಕದ್ದಲ್ಲದಿದ್ದರೆ ಬಿಸಿಯಾಗಿ ಕೆಡುತ್ತದೆ. ಕರೆಂಟ್ ಹೋಗುವ ಊರುಗಳಿಗೆ ಗಾಲಿ ಇರುವ, ಬ್ಯಾಟರಿಯ ಟ್ರಾಲಿ ಸ್ಪೀಕರ್ ಒಳ್ಳೆಯದು. ಆದರೆ ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜ್ ಮಾಡಿರಿ. ಖಾಲಿ ಬಿಟ್ಟ ಬ್ಯಾಟರಿ ಕೆಟ್ಟುಹೋಗುತ್ತದೆ.

6. ನಿಮ್ಮ ದನಿಯಲ್ಲೇ ಪರೀಕ್ಷಿಸಿರಿ. ಅಂಗಡಿಯವರು ಅಬ್ಬರದ ಹಾಡು ಹಾಕಿ ತೋರಿಸುತ್ತಾರೆ. ಅದು ಎಲ್ಲ ಸ್ಪೀಕರಿನಲ್ಲೂ ಚೆನ್ನಾಗಿಯೇ ಕೇಳುತ್ತದೆ. ನಿಮ್ಮಲ್ಲೊಬ್ಬರು ಮೈಕು ಹಿಡಿದು ಹಾಡಿರಿ, ಇನ್ನೊಬ್ಬರು ಹತ್ತು ಹೆಜ್ಜೆ ದೂರ ನಿಂತು ಕೇಳಿರಿ. ಪ್ರತಿ ಮಾತೂ ತಿಳಿಯಬೇಕು. ಕನಿಷ್ಠ ಮೂರು ಕಡೆ ದರ ವಿಚಾರಿಸಿ. ಸಂಘದ ಹೆಸರಿನಲ್ಲಿ ಬಿಲ್ ಮತ್ತು ವಾರಂಟಿ ಕಾರ್ಡ್ ಪಡೆಯುವುದನ್ನು ಮರೆಯಬೇಡಿ.

ಮೈಕು ಯಾಕೆ ಕಿರುಚುತ್ತದೆ?

ಮೈಕು ನಮ್ಮ ದನಿ ಕೇಳಿ ಸ್ಪೀಕರಿಗೆ ಕೊಡುತ್ತದೆ. ಸ್ಪೀಕರಿನಿಂದ ಹೊರಬಂದ ಸದ್ದು ತಿರುಗಿ ಮೈಕಿಗೆ ಬಿದ್ದರೆ ಅದನ್ನೂ ಎತ್ತಿ ಮತ್ತೆ ಸ್ಪೀಕರಿಗೆ ಕೊಡುತ್ತದೆ. ಹೀಗೆ ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ, ಪ್ರತಿ ಸುತ್ತಿಗೂ ಏರಿ, ಕೊನೆಗೆ "ಕುಂಯ್" ಅನ್ನುತ್ತದೆ. ನಾನು ಬಾಕ್ಸುಗಳನ್ನು ಅಜ್ಜಿಯ ಬೆನ್ನ ಹಿಂದೆ ಇಡಿಸಿದ್ದೆ. ಅವುಗಳ ಬಾಯಿ ನೇರವಾಗಿ ಅವರ ಕೈಯ ಮೈಕಿನ ಕಡೆಗಿತ್ತು. ಕಿರುಚದೆ ಇನ್ನೇನು ಮಾಡೀತು?

ಸ್ಪೀಕರ್ ಎಲ್ಲಿಡಬೇಕು?

ಹಾಡುವವರಿಗಿಂತ ಮುಂದೆ. ಎರಡು ಬದಿಗೆ ಒಂದೊಂದು, ಹಾಡುವವರು ನಿಂತ ಗೆರೆಗಿಂತ ಮೂರು-ನಾಲ್ಕು ಅಡಿ ಮುಂದೆ, ಬಾಯಿ ಜನರ ಕಡೆಗೆ. ಒಂದೇ ಸ್ಪೀಕರ್ ಇದ್ದರೆ ಒಂದು ಬದಿಗೆ, ಮುಂದಕ್ಕೆ. ಸಾಮಾನ್ಯ ಹಾಡಿನ ಮೈಕು ಎದುರಿನ ದನಿಯನ್ನು ಚೆನ್ನಾಗಿ ಹಿಡಿಯುತ್ತದೆ, ಬಾಲದ ಕಡೆಯ ಸದ್ದನ್ನು ಬಹಳ ಮಟ್ಟಿಗೆ ಬಿಡುತ್ತದೆ. ಆದ್ದರಿಂದ ಹಾಡುವವರಿಗೆ ಕೇಳಲೆಂದು ಸಣ್ಣ ಸ್ಪೀಕರ್ ಇಡುವುದಾದರೆ ಅವರ ಎದುರಿಗೆ, ಮೈಕಿನ ಬಾಲದ ಕಡೆ ಇಡಿ.

ತಲೆಗಿಂತ ಎತ್ತರ. ನೆಲದ ಮೇಲೆ ಇಟ್ಟರೆ ಮುಂದೆ ಕೂತವರ ಮೈಯೇ ಸದ್ದನ್ನು ನುಂಗುತ್ತದೆ. ಮುಂದಿನವರು ಕಿವಿ ಮುಚ್ಚಿಕೊಳ್ಳುತ್ತಾರೆ, ಹಿಂದಿನವರು "ಕೇಳವಲ್ದು" ಅಂತ ಕೂಗುತ್ತಾರೆ. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಕುರ್ಚಿಯಲ್ಲಿ ಕೂತವರ ತಲೆಗಿಂತ ಮೇಲೆ, ನೆಲದಿಂದ ನಾಲ್ಕೈದು ಅಡಿ ಎತ್ತರಕ್ಕೆ ಸ್ಟ್ಯಾಂಡಿನ ಮೇಲೆ ಇಟ್ಟರೆ ಮುಂದಿನವರಿಗೂ ಹಿಂದಿನವರಿಗೂ ಹೆಚ್ಚು ಕಡಿಮೆ ಸಮನಾಗಿ ಕೇಳುತ್ತದೆ. ಪ್ಲಾಸ್ಟಿಕ್ ಕುರ್ಚಿ ಮೇಲೆ ಮಾತ್ರ ಬೇಡ. ಮಕ್ಕಳು ಓಡಾಡುವ ಜಾಗ, ಬಿದ್ದರೆ ಅನಾಹುತ. ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಇಡಿ.

ಮೂಲೆ ಬೇಡ. ಮೂಲೆಗೆ ತಳ್ಳಿದರೆ ದಪ್ಪ ಸ್ವರ ಉಬ್ಬಿ ಮಾತು ಗೊಂದಲವಾಗುತ್ತದೆ. ಗೋಡೆಯಿಂದ ಎರಡು-ಮೂರು ಅಡಿ ಬಿಡಿರಿ.

ಮಾರ್ದನಿ ಕಡಿಮೆ ಮಾಡಿ. ಸಮುದಾಯ ಭವನದ ಬೋಳು ಗೋಡೆ, ತಗಡಿನ ಚಾವಣಿ ಸದ್ದನ್ನು ಚೆಂಡಿನ ಹಾಗೆ ಹಿಂದಕ್ಕೆ ಎಸೆಯುತ್ತವೆ. ಸ್ಪೀಕರಿಗೆ ಎದುರಾಗಿರುವ ಗೋಡೆಗೆ ನಾಲ್ಕಾರು ಕಂಬಳಿ ಇಳಿಬಿಡಿ, ನೆಲಕ್ಕೆ ಜಮಖಾನ ಹಾಸಿ. ಕುರಿ ಉಣ್ಣೆಯ ಕಂಬಳಿ ಸದ್ದನ್ನು ಚೆನ್ನಾಗಿ ಹೀರುತ್ತದೆ. ದುಡ್ಡಿಲ್ಲದ ಉಪಾಯ ಇದು.

ಹೊಳೆಯ ಕಡೆ ತಿರುಗಿಸಬೇಡಿ. ಐರಣಿ ತುಂಗಭದ್ರೆಯ ದಂಡೆಯ ಊರು. ಸಂಜೆಯಾದ ಮೇಲೆ ಆಚೆ ದಡದ ಮಾತು ಈಚೆಗೆ ಕೇಳುವುದನ್ನು ಅಲ್ಲಿಯವರು ಬಲ್ಲರು. ನೀರಿನ ಮೇಲಿನ ಗಾಳಿ ತಂಪಾಗಿ, ಅದರ ಮೇಲಿನ ಗಾಳಿ ಬೆಚ್ಚಗಿದ್ದಾಗ, ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಕೆಳಗೆ ಇಳಿಯುತ್ತದೆ. ನಮ್ಮ ಹಾಡು ಆಚೆ ಊರಿನವರ ನಿದ್ದೆ ಕೆಡಿಸಬಾರದು. ಮನೆಗಳಿಲ್ಲದ ಕಡೆಗೆ, ಬೇಕಾದಷ್ಟೇ ದೂರಕ್ಕೆ ಕೇಳುವಂತೆ ತಿರುಗಿಸಿರಿ.

ಮೈಕು ಹಿಡಿಯುವುದು, ಸದ್ದು ಹೊಂದಿಸುವುದು

ಮೈಕನ್ನು ಬಾಯಿಂದ ಎರಡು ಬೆರಳಿನಷ್ಟು ದೂರ ಹಿಡಿಯಿರಿ. ಸಂಕೋಚಪಟ್ಟು ಎದೆಯ ಹತ್ತಿರ ಹಿಡಿದರೆ ದನಿ ಸಾಲದು, ಆಪರೇಟರ್ ಸದ್ದು ಏರಿಸುತ್ತಾರೆ, ಮೈಕು ಕಿರುಚುತ್ತದೆ. ಜಾಲರಿ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಬಾರದು, ಆಗಲೂ ಕಿರುಚುತ್ತದೆ. ಸ್ಪೀಕರಿನ ಎದುರಿಗೆ ಮೈಕು ಹಿಡಿದು ನಡೆಯಬೇಡಿ.

ಮೊದಲು ಹಾಡುವವರ ದನಿ ಹೊಂದಿಸಿ, ಆಮೇಲೆ ವಾದ್ಯದ ಸದ್ದನ್ನು ದನಿಗಿಂತ ಸ್ವಲ್ಪ ಕೆಳಗೆ ಇಡಿ. 'ಎಕೋ' ಗುಂಡಿ ಅತಿಯಾದರೆ ಮಾತು ಅಳಿಸಿಹೋಗುತ್ತದೆ. ಕೆಂಪು ದೀಪ ಹತ್ತುತ್ತಲೇ ಇದ್ದರೆ ಸದ್ದು ಇಳಿಸಿ, ಅದು ಸ್ಪೀಕರ್ ಸುಡುವ ಮುನ್ಸೂಚನೆ. ಮೊಬೈಲಿನಿಂದ ಬ್ಲೂಟೂತಿನಲ್ಲಿ ಹಾಡು ಹಾಕಬಹುದು, ಆದರೆ ಪರದೆಯ ಸಾಹಿತ್ಯವೂ ವಾದ್ಯವೂ ಸ್ವಲ್ಪ ಹಿಂದೆ-ಮುಂದೆ ಆಗಬಹುದು. ವೈರ್ ಹಾಕಿದರೆ ಆ ತೊಂದರೆ ಇಲ್ಲ.

ಶುರು ಮಾಡುವಾಗ ಆಂಪ್ಲಿಫೈಯರ್ ಕೊನೆಗೆ ಹಾಕಿ, ಮುಗಿಸುವಾಗ ಅದನ್ನೇ ಮೊದಲು ಆರಿಸಿ. ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗೇ ಬಳಸಿ. ಒದ್ದೆ ಕೈಯಲ್ಲಿ ಮೈಕು, ವೈರ್ ಮುಟ್ಟಬೇಡಿ. ಮಳೆ ಹನಿ ಬಿದ್ದ ಕೂಡಲೇ ಮೇನ್ ಸ್ವಿಚ್ ಆರಿಸಿ.

ಕಾನೂನು ಮತ್ತು ಕಿವಿ

2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಬಳಸುವಂತಿಲ್ಲ. ಸುಪ್ರೀಂ ಕೋರ್ಟ್ 2005ರಲ್ಲಿ ಇದನ್ನು ಗಟ್ಟಿಯಾಗಿ ಹೇಳಿದೆ. ವಾಸದ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಆಸ್ಪತ್ರೆ, ಶಾಲೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಕಾರ್ಯಕ್ರಮಕ್ಕೆ ಮುಂಚೆಯೇ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ ಅರ್ಜಿ ಕೊಡಿ.

ಕಾನೂನಿಗಿಂತ ದೊಡ್ಡದು ನೆರೆಮನೆ. ಅಲ್ಲಿ ಬಾಣಂತಿ ಇರಬಹುದು, ಪರೀಕ್ಷೆಗೆ ಓದುವ ಹುಡುಗಿ ಇರಬಹುದು. ಹಿಂದಿನ ದಿನವೇ ಹೋಗಿ ಒಂದು ಮಾತು ಹೇಳಿರಿ. ನಮ್ಮ ಕಿವಿಯೂ ಮುಖ್ಯ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ತಾಸಿಗಿಂತ ಹೆಚ್ಚು ಕೇಳಬಾರದು, 100 ಡೆಸಿಬಲ್ ಆದರೆ ಹದಿನೈದು ನಿಮಿಷವೇ ಹೆಚ್ಚು ಅಂತ ತಜ್ಞರು ಹೇಳುತ್ತಾರೆ. ಪಕ್ಕದವರ ಜೊತೆ ಕೂಗಿ ಮಾತಾಡಬೇಕಾಗಿ ಬಂದರೆ ಸದ್ದು ಅತಿಯಾಯಿತು ಅಂತ ತಿಳಿಯಿರಿ. ಕೂಸುಗಳನ್ನು ಸ್ಪೀಕರಿನ ಎದುರು ಕೂಡಿಸಬೇಡಿ.

ಕೊನೆಯ ಮಾತು

ಮುಂದಿನ ಸಲ ಅಜ್ಜಿಯ ಮನೆಗೆ ಹೋದಾಗ, "ನಿಮ್ಮ ದನಿ ಸುಟ್ಟಿಲ್ಲ, ನಾನೇ ಬಾಕ್ಸು ತಪ್ಪು ಜಾಗದಲ್ಲಿ ಇಡಿಸಿದ್ದೆ" ಅಂತ ಹೇಳಿದೆ. ಅವರು ನಂಬಲಿಲ್ಲ. ಒಂದು ದಿನ ಬಾಕ್ಸುಗಳನ್ನು ಮುಂದಕ್ಕೆ ತಂದು, ಯಾರೂ ಬರುವ ಮುಂಚೆ ಅವರ ಕೈಗೆ ಮೈಕು ಕೊಟ್ಟೆವು. ತಮ್ಮ ದನಿಯನ್ನು ತಾವೇ ಅಷ್ಟು ದೊಡ್ಡದಾಗಿ ಕೇಳಿ, "ಇದು ನಾನೇ ಏನು?" ಅಂತ ಕೇಳಿದರು. ಅಂದು ನಾಲ್ಕು ಪದ ಹೇಳಿದರು.

ಸ್ಪೀಕರ್ ಬರೀ ಮನರಂಜನೆಗಲ್ಲ ಅಂತ ನನಗೆ ತಿಳಿದದ್ದು ಆಗಲೇ. ಸಂಘದಲ್ಲಿ ಹಾಡಿ ಮೈಕಿನ ಅಂಜಿಕೆ ಬಿಟ್ಟವಳು, ನಾಳೆ ಗ್ರಾಮಸಭೆಯಲ್ಲಿ ಕುಡಿಯುವ ನೀರಿನ ಬಗ್ಗೆ ಕೇಳುವಾಗ ಮೈಕನ್ನು ಪಕ್ಕದವಳ ಕೈಗೆ ದಾಟಿಸುವುದಿಲ್ಲ. ಎರಡು ಬೆರಳಿನಷ್ಟು ದೂರ ಹಿಡಿದು, ತನ್ನ ಮಾತು ಮುಗಿಸಿಯೇ ಕೂರುತ್ತಾಳೆ.

ಸಂಘದ ಸಭೆಯಲ್ಲಿ ಚರ್ಚಿಸಿರಿ:
1. ನಮ್ಮ ಸಂಘಕ್ಕೆ ವರ್ಷಕ್ಕೆ ಎಷ್ಟು ಸಲ ಸ್ಪೀಕರ್ ಬೇಕಾಗುತ್ತದೆ? ಕೊಳ್ಳುವುದು ಲೇಸೋ, ಬಾಡಿಗೆಯೋ?
2. ಕೊಂಡರೆ ಯಾರ ಮನೆಯಲ್ಲಿ ಇಡುವುದು, ಬಾಡಿಗೆ ಲೆಕ್ಕ ಯಾರು ಬರೆಯುವುದು, ಕೆಟ್ಟರೆ ಖರ್ಚು ಯಾರದು?
3. ನಮ್ಮಲ್ಲಿ ಇನ್ನೂ ಒಮ್ಮೆಯೂ ಮೈಕು ಹಿಡಿಯದ ಸದಸ್ಯೆ ಯಾರು? ಮೊದಲ ಹಾಡು ಅವರದೇ ಆಗಲಿ.