ವೈಫೈ ಕಾರ್ಡ್ ಸತ್ತಿಲ್ಲ, ಡ್ರೈವರ್ ಎದ್ದಿಲ್ಲ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗೀತು. ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಕೂರಲ್ಲ ಅಂತ ಉಬುಂಟು, ಲಿನಕ್ಸ್ ಮಿಂಟ್ ಹಾಕಿಕೊಂಡವರು ನಮ್ಮ ಕೇಳುಗರಲ್ಲೂ ಇದ್ದಾರೆ. ಅವರು ನನಗೆ ಕೇಳೋ ಪ್ರಶ್ನೆ ಒಂದೇ: “ಎಲ್ಲ ಚೆನ್ನಾಗಿದೆ, ವೈಫೈ ಮಾತ್ರ ಬರ್ತಿಲ್ಲ. ಅಂಗಡಿಯವರು ಕಾರ್ಡ್ ಹೋಗಿದೆ, ಹೊಸದು ಹಾಕಿಸಿ ಅಂತಾರೆ. ಹಾಕಿಸ್ಲಾ?” ದುಡ್ಡು ಕೊಡೋಕೆ ಮುಂಚೆ ಸ್ವಲ್ಪ ತಡೀರಿ. ಕಾರ್ಡ್ ಹೋಗಿದೆಯೋ, ಡ್ರೈವರ್ ಲೋಡ್ ಆಗಿಲ್ಲವೋ ಅನ್ನೋದನ್ನ ಕಂಪ್ಯೂಟರೇ ಹೇಳುತ್ತೆ.

ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ನೋಡಿದವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಮಗ್ಗ ಅದೇ ಇರುತ್ತೆ. ಮೇಲಿನ ಜಕಾರ್ಡ್‌ನಲ್ಲಿ ತೂತು ಹೊಡೆದ ರಟ್ಟುಗಳ ಸರ ಬದಲಿಸಿದ್ರೆ ಸೀರೆಯ ಡಿಸೈನ್ ಬದಲಾಗುತ್ತೆ. ಲಿನಕ್ಸ್‌ನ ಕರ್ನಲ್ ಆ ಮಗ್ಗದ ಹಾಗೆ. ವೈಫೈ, ಸೌಂಡ್, ಕ್ಯಾಮೆರಾ ಡ್ರೈವರ್‌ಗಳು ಬಹುತೇಕ ಬಿಡಿ ಫೈಲ್‌ಗಳಾಗಿರುತ್ತವೆ; ಅವನ್ನೇ ಮಾಡ್ಯೂಲ್ ಅನ್ನೋದು. ಬೇಕಾದಾಗ ಕರ್ನಲ್‌ಗೆ ಸೇರಿಸಬಹುದು, ಬೇಡವಾದಾಗ ತೆಗೆಯಬಹುದು. ಆದರೆ ಒಂದು ಜಕಾರ್ಡ್‌ಗೆ ಹೊಡೆದ ರಟ್ಟು, ಕೊಕ್ಕೆಗಳ ಲೆಕ್ಕ ಬೇರೆ ಇರೋ ಇನ್ನೊಂದಕ್ಕೆ ಹೊಂದಲ್ಲ. ಮಾಡ್ಯೂಲ್ ಕೂಡ ಹಾಗೇ: ಯಾವ ಕರ್ನಲ್ ಆವೃತ್ತಿಗೆ ತಯಾರಾಯ್ತೋ ಅದಕ್ಕೇ ಸರಿ.

ಈಗ ಟರ್ಮಿನಲ್ ತೆಗೀರಿ. ಕಮಾಂಡ್‌ಗಳನ್ನ ಬಿಡಿಸಿ ಹೇಳ್ತೀನಿ.

ಮೊದಲನೇದು, ಕಾರ್ಡ್ ಕಾಣಿಸ್ತಿದೆಯಾ? ‘ಎಲ್‌ಎಸ್‌ಪಿಸಿಐ’, ಒಂದು ಸ್ಪೇಸ್, ‘ಹೈಫನ್ ಕೆ’. ಪಟ್ಟಿಯಲ್ಲಿ ವೈಫೈ ಕಾರ್ಡ್‌ನ ಹೆಸರಿದ್ರೆ ಅದು ಪೂರ್ತಿ ಸತ್ತಿಲ್ಲ. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಅನ್ನೋ ಸಾಲು ಇಲ್ಲ ಅಂದ್ರೆ ಡ್ರೈವರ್ ಅದಕ್ಕೆ ಅಂಟಿಕೊಂಡಿಲ್ಲ. ‘ಕರ್ನಲ್ ಮಾಡ್ಯೂಲ್ಸ್’ ಸಾಲಿನಲ್ಲಿ ಹೆಸರಿದ್ರೆ ಬರೆದಿಟ್ಟುಕೊಳ್ಳಿ.

ಎರಡನೇದು, ಕೈಯಾರೆ ಲೋಡ್ ಮಾಡಿ ನೋಡಿ: ‘ಸುಡೋ ಮಾಡ್‌ಪ್ರೋಬ್’, ಮುಂದೆ ಆ ಹೆಸರು. ಹೀಗೆ ಮಾಡಿದಾಗ ವೈಫೈ ಬಂದು, ರೀಸ್ಟಾರ್ಟ್ ಆದ್ಮೇಲೆ ಮತ್ತೆ ಹೋದ್ರೆ, ಯಾರೋ ಅದನ್ನ ಬ್ಲಾಕ್‌ಲಿಸ್ಟ್ ಮಾಡಿರಬಹುದು. ಬ್ಲಾಕ್‌ಲಿಸ್ಟ್ ತಾನಾಗಿ ಲೋಡ್ ಆಗೋದನ್ನ ತಡೆಯುತ್ತೆ, ಹೆಸರಿಟ್ಟು ಕರೆದ್ರೆ ತಡೆಯಲ್ಲ. ‘ಇಟಿಸಿ’ ಫೋಲ್ಡರ್‌ನೊಳಗಿನ ‘ಮಾಡ್‌ಪ್ರೋಬ್ ಡಾಟ್ ಡಿ’ಯಲ್ಲಿ ಹುಡುಕಿ.

ಲೋಡ್ ಆಗದೇ ಬೈದ್ರೆ ಆ ಬೈಗುಳ ಪೂರ್ತಿ ಓದಿ. ‘ಮಾಡ್ಯೂಲ್ ನಾಟ್ ಫೌಂಡ್’ ಅಂದ್ರೆ ಈಗಿನ ಕರ್ನಲ್‌ನ ಫೋಲ್ಡರ್‌ನಲ್ಲಿ ಆ ಫೈಲೇ ಇಲ್ಲ. ಹೊರಗಿಂದ ಹಾಕಿದ ಡ್ರೈವರ್‌ಗಳಲ್ಲಿ ಕರ್ನಲ್ ಅಪ್‌ಡೇಟ್ ಆದ್ಮೇಲೆ ಹೀಗಾಗುತ್ತೆ. ಹೊಸ ಕರ್ನಲ್‌ನ ಹೆಡರ್ಸ್ ಪ್ಯಾಕೇಜ್ ಹಾಕಿ, ಡ್ರೈವರ್ ಮತ್ತೆ ಬಿಲ್ಡ್ ಆಗಬೇಕು. ಈ ಕೆಲಸವನ್ನ ತಾನಾಗಿ ಮಾಡೋ ವ್ಯವಸ್ಥೆಯ ಹೆಸರು ‘ಡಿಕೆಎಂಎಸ್’. ‘ಕೀ ವಾಸ್ ರಿಜೆಕ್ಟೆಡ್’ ಅಂದ್ರೆ ಸೆಕ್ಯೂರ್ ಬೂಟ್ ತಡೀತಿದೆ: ಮಾಡ್ಯೂಲ್‌ನ ಸಹಿಯನ್ನ ಅದು ನಂಬ್ತಿಲ್ಲ. ಆ ಕೀಯನ್ನ ನೋಂದಾಯಿಸಿದ್ರೆ ಸಾಕು, ಸೆಕ್ಯೂರ್ ಬೂಟ್ ಆಫ್ ಮಾಡಲೇಬೇಕು ಅಂತೇನಿಲ್ಲ.

ಮೂರನೇದು, ‘ಸುಡೋ ಡಿಮೆಸೇಜ್’. ಬರೆಯುವಾಗ ಡಿ, ಎಂ, ಇ, ಎಸ್, ಜಿ. ಇದು ಕರ್ನಲ್‌ನ ಡೈರಿ. ಮಾಡ್ಯೂಲ್ ಲೋಡ್ ಆಗಿದ್ದೂ ವೈಫೈ ಇಲ್ಲ ಅಂದ್ರೆ ಇಲ್ಲಿ ‘ಫರ್ಮ್‌ವೇರ್’ ಅನ್ನೋ ಪದ ಹುಡುಕಿ. ಅದರ ಜೊತೆ ಮೈನಸ್ 2 ಎರರ್ ಇದ್ರೆ, ಕಾರ್ಡ್‌ಗೆ ಬೇಕಾದ ಫರ್ಮ್‌ವೇರ್ ಫೈಲ್ ಸಿಕ್ಕಿಲ್ಲ ಅಂತ. ಆ ಪ್ಯಾಕೇಜ್ ಹಾಕಿ ರೀಸ್ಟಾರ್ಟ್ ಮಾಡಿ.

“ವೈಫೈ ಇಲ್ದೇ ಡೌನ್‌ಲೋಡ್ ಹೇಗೆ?” ಅಂತೀರಾ? ನಿಮ್ಮ ಫೋನಿದೆಯಲ್ಲ! ಡೇಟಾ ಕೇಬಲ್ ಚುಚ್ಚಿ, ಆಂಡ್ರಾಯ್ಡ್‌ನಲ್ಲಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಬೇರೆ ಡ್ರೈವರ್ ಏನೂ ಬೇಡ.

ಮೊದಲ ಪಟ್ಟಿಯಲ್ಲಿ ಕಾರ್ಡ್ ಕಾಣಿಸಲೇ ಇಲ್ವಾ? ಬಯಾಸ್‌ನಲ್ಲಿ ವೈಫೈ ಆಫ್ ಆಗಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಆಮೇಲೆ ಅಂಗಡಿಗೆ ಹೋಗಿ. ಹೋಗುವಾಗ ಆ ಸ್ಕ್ರೀನ್‌ನ ಫೋಟೋ ಫೋನಲ್ಲಿರಲಿ. ಮಾತು ಅಲ್ಲಿಂದಲೇ ಶುರುವಾದ್ರೆ ಬೇಡದ ಖರ್ಚು ತಪ್ಪುತ್ತೆ.