ಹಳೆಯ ಮೋಟಾರು, ಮೂಕ ರೇಡಿಯೋ

ಹಳೆಯ ಮೋಟಾರುಗಳನ್ನು ಜತನದಿಂದ ಕಾಯ್ದುಕೊಳ್ಳುವವರಿಗೆ ನಾಸಿಕ ಹಾಗೂ ಛತ್ರಪತಿ ಸಂಭಾಜಿನಗರಗಳು ಅನುಕೂಲವಾದ ಊರುಗಳು. ಒಂದೆಡೆ ಸಾತ್ಪುರ, ಇನ್ನೊಂದೆಡೆ ವಾಳುಜ, ಚಿಕಲಠಾಣ. ಲೇಥು ನಡೆಸುವ, ತಗಡು ಬಡಿಯುವ, ಬಣ್ಣ ಹೊಡೆಯುವ ಕೈಗಳಿಗೆ ಇಲ್ಲಿ ಬರವಿಲ್ಲ. ಆದುದರಿಂದ ಗಾಡಿಯ ಮೈ ಹೊಳೆಯುತ್ತದೆ, ಎಂಜಿನ್ನೂ ಓಡುತ್ತದೆ. ಡ್ಯಾಶ್‌ಬೋರ್ಡಿನ ನಡುವಣ ರೇಡಿಯೋ ಮಾತ್ರ ಮೂಕವಾಗಿ ಕುಳಿತಿರುತ್ತದೆ. ಇಲ್ಲವೆ, ಹೊಸ ಪೆಟ್ಟಿಗೆಯನ್ನು ಕೂರಿಸುವ ಭರದಲ್ಲಿ ಡ್ಯಾಶ್‌ಬೋರ್ಡಿಗೇ ಗರಗಸ ಬೀಳುತ್ತದೆ. ಒಮ್ಮೆ ಕೊಯ್ದ ತಗಡು ಮತ್ತೆ ಮೊದಲಿನಂತಾಗದು. ವಾಚಕರ ಗಮನವನ್ನು ನಾವು ಸೆಳೆಯಬೇಕೆಂದಿರುವುದು ಈ ಗರಗಸದ ಕಡೆಗೇ.

ಅಮೆರಿಕದ ಗ್ಯಾಲ್ವಿನ್ ಕಂಪನಿಯು ‘ಮೊಟೊರೋಲಾ’ ಎಂಬ ಹೆಸರಿನಿಂದ ಮೋಟಾರು ರೇಡಿಯೋವನ್ನು ಮಾರಾಟಕ್ಕೆ ತಂದುದು 1930ರಲ್ಲಿ. ಜರ್ಮನಿಯ ಬ್ಲೌಪುಂಕ್ಟ್ 1932ರಲ್ಲಿ ಅದೇ ಹಾದಿ ಹಿಡಿಯಿತು. ನಮ್ಮ ದೇಶದಲ್ಲಿ ಬಹುಕಾಲ ಅದು ಸಿರಿವಂತರ ಸೊತ್ತೇ ಆಗಿತ್ತು. ರೇಡಿಯೋ ಇಟ್ಟುಕೊಳ್ಳುವವರು ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಬೇಕಾಗಿದ್ದ ಕಾಲವದು. ಆ ಲೈಸೆನ್ಸು ರದ್ದಾದುದು 1980ರ ದಶಕದಲ್ಲಿ.

ಹಳೆಯ ವಾಲ್ವು ರೇಡಿಯೋದ ಹೊಟ್ಟೆಯೊಳಗಿನ ಕೌಶಲ ಸೋಜಿಗದ್ದು. ಬ್ಯಾಟರಿ ಕೊಡುವುದು 6 ಅಥವಾ 12 ವೋಲ್ಟು. ವಾಲ್ವುಗಳು ಬೇಡುವುದು ಇನ್ನೂರಕ್ಕೂ ಮಿಕ್ಕಿ. ಈ ಅಂತರವನ್ನು ತುಂಬಲು ವೈಬ್ರೇಟರ್ ಎಂಬ ಪುಟ್ಟ ಡಬ್ಬಿಯಿರುತ್ತದೆ. ಅದರೊಳಗಿನ ಉಕ್ಕಿನ ನಾಲಗೆ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಅದುರಿ, ಬ್ಯಾಟರಿಯ ಪ್ರವಾಹವನ್ನು ಕಡಿಕಡಿದು ಟ್ರಾನ್ಸ್‌ಫಾರ್ಮರಿಗೆ ಒಪ್ಪಿಸುತ್ತದೆ. ಹಳೆಯ ಗಾಡಿಯ ರೇಡಿಯೋ ಹಾಡುವ ಮುನ್ನ ಗುಂಯ್ಗುಡುತ್ತಿದ್ದುದು ಇದರಿಂದಲೇ. ವರ್ಷಗಳು ಉರುಳಿದಂತೆ ಆ ನಾಲಗೆಯ ತುದಿ ಸುಟ್ಟು ಕರಕಾಗುತ್ತದೆ, ಕಾಗದದ ಕಂಡೆನ್ಸರುಗಳು ಸೋರತೊಡಗುತ್ತವೆ. ಕುತೂಹಲದಿಂದ ನೇರವಾಗಿ ಬ್ಯಾಟರಿ ಕೊಟ್ಟು ನೋಡುವವರು ಒಳ್ಳೆಯ ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಕೊಳ್ಳಬಹುದು. ಮೊದಲು ಕಂಡೆನ್ಸರುಗಳನ್ನು, ಅದರಲ್ಲಿಯೂ ಟ್ರಾನ್ಸ್‌ಫಾರ್ಮರಿಗೆ ಅಂಟಿಕೊಂಡ ಬಫರ್ ಕಂಡೆನ್ಸರನ್ನು ಬದಲಿಸಿ, ಆಮೇಲೆ ಫ್ಯೂಸು ಹಾಕಿ ಪರೀಕ್ಷಿಸುವುದೇ ಕ್ರಮ. ಒಳಗಿನ ವೋಲ್ಟೇಜು ಪ್ರಾಣಾಂತಿಕವಾದೀತು, ಅರಿಯದವರು ಕೈಯಿಡಬಾರದು.

ಇನ್ನೊಂದು ತೊಡಕು ಅರ್ತಿಂಗಿನದು. ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಹಲವಕ್ಕೆ ಬ್ಯಾಟರಿಯ ಧನ ತುದಿಯೇ ಚಾಸಿಗೆ ಜೋಡಣೆಯಾಗಿರುತ್ತದೆ. ಇದನ್ನು ನೋಡದೆ ಟ್ರಾನ್ಸಿಸ್ಟರ್ ರೇಡಿಯೋವನ್ನು ಕೂರಿಸಿದರೆ ಕ್ಷಣಾರ್ಧದಲ್ಲಿ ಅದರ ಕತೆ ಮುಗಿಯುತ್ತದೆ.

ಇಷ್ಟೆಲ್ಲ ಮಾಡಿ ಕೇಳುವುದೇನನ್ನು? ಇದು ನ್ಯಾಯವಾದ ಪ್ರಶ್ನೆ. ಸ್ವಾತಂತ್ರ್ಯ ಬಂದಾಗ ಸಂಸ್ಥಾನಗಳಲ್ಲಿದ್ದ ಐದು ಬಾನುಲಿ ಕೇಂದ್ರಗಳಲ್ಲಿ ಮೈಸೂರಿನದೊಂದು, ನಿಜಾಮರ ಔರಂಗಾಬಾದಿನದೊಂದು. ಆ ಔರಂಗಾಬಾದೇ ಇಂದಿನ ಸಂಭಾಜಿನಗರ. 1956ರವರೆಗೆ ಬೀದರ, ಕಲಬುರಗಿ, ರಾಯಚೂರುಗಳ ಒಡಹುಟ್ಟು. 1950ರ ಜನವರಿ 8ರಂದು ಧಾರವಾಡ ಕೇಂದ್ರ ಬಾಯ್ದೆರೆಯಿತು. ಮಧ್ಯಮ ತರಂಗವು ಹಗಲಿಗಿಂತ ಇರುಳಿನಲ್ಲಿ ದೂರ ಸಾಗುವುದರಿಂದ, ಪರಸ್ಥಳದ ಕನ್ನಡಿಗನಿಗೆ ಕತ್ತಲೆಯೇ ತವರಿನ ದಾರಿ ತೆರೆಯುತ್ತಿತ್ತು. ಈಗ ಆಕಾಶವಾಣಿಯು ಎಫ್.ಎಂ.ಗೆ ಹೊರಳುತ್ತ ಮಧ್ಯಮ ತರಂಗದ ಅನೇಕ ಪ್ರೇಷಕಗಳನ್ನು ನಿಲ್ಲಿಸಿದೆ. ಹಳೆಯ ರೇಡಿಯೋಕ್ಕೆ ಎಫ್.ಎಂ. ತಿಳಿಯದು.

ಆದ ಕಾರಣ ಕೆಲವರು ಒಳಗಿನ ಸಾಮಾನನ್ನೆಲ್ಲ ಬಳಿದು ಬಿಸಾಡಿ, ಹಳೆಯ ಮುಖದ ಹಿಂದೆ ಹೊಸ ಬ್ಲೂಟೂತ್ ಯಂತ್ರ ಅಡಗಿಸುತ್ತಾರೆ. ಹಿತ್ತಾಳೆಯ ಕೊಡದಲ್ಲಿ ಪ್ಲಾಸ್ಟಿಕ್ ಬಾಟಲಿಯಿಟ್ಟಂತೆ ನಮಗೆ ಕಾಣುತ್ತದೆ. ಪೂರ್ತಿ ಕೊಳೆತುಹೋದ ಪೆಟ್ಟಿಗೆಯಾದರೆ ನಮ್ಮ ತಕರಾರಿಲ್ಲ. ಜೀವವಿರುವುದನ್ನು ಕೊಲ್ಲುವುದೇಕೆ? ವಾಲ್ಯೂಮ್ ಕಂಟ್ರೋಲಿನ ಬಳಿ ಒಂದು ತಂತಿಯನ್ನು ಬೆಸೆದು ಹೊರಗೆ ತಂದರೆ, ಮೊಬೈಲಿನ ಹಾಡು ಅದೇ ಹಳೆಯ ವಾಲ್ವುಗಳ ಮೂಲಕ ಹೊರಡುತ್ತದೆ. ಬೇಡವೆಂದ ದಿನ ತಂತಿ ಬಿಚ್ಚಬಹುದು. ಬಲ್ಲ ಕುಶಲಿಗರು ಈಗ ವಿರಳ, ಇದ್ದವರಿಗೂ ವಯಸ್ಸಾಗಿದೆ. ಕೆಲಸ ಮಾಡಿಸುವುದಿದ್ದರೆ ತಡಮಾಡಬಾರದು.

ಕೂರಿಸುವಾಗ ಏರಿಯಲ್ಲಿನ ಬುಡದ ಬಣ್ಣವನ್ನು ಕೆರೆದು ತಗಡಿಗೆ ತಗುಲಿಸಬೇಕು. ಇಲ್ಲದಿದ್ದರೆ ಎಂಜಿನ್ನಿನ ಕಿಡಿಯ ಚಟಚಟವೇ ಸಂಗೀತ. ಡೈನಮೋಗೆ ಕಂಡೆನ್ಸರ್ ಹಾಕುವಾಗ ಅದು ಫೀಲ್ಡ್ ತುದಿಗೆ ಹೋಗದಂತೆ ನೋಡಬೇಕು. ಕೊನೆಗೆ 1400 ಕಿಲೋಸೈಕಲ್ಲಿನ ಆಸುಪಾಸಿನಲ್ಲಿ ಕ್ಷೀಣವಾದ ಯಾವುದಾದರೊಂದು ಕೇಂದ್ರವನ್ನು ಹಿಡಿದು, ಏರಿಯಲ್ ಟ್ರಿಮ್ಮರನ್ನು ಧ್ವನಿ ಏರುವವರೆಗೆ ಮೆಲ್ಲನೆ ತಿರುಗಿಸಬೇಕು. ರಾತ್ರಿ ಹತ್ತರ ಮೇಲೆ, ಊರಿನ ಗದ್ದಲದಿಂದ ದೂರ, ಯೇವಲೆ ವೈಜಾಪುರಗಳ ನಡುವಿನ ಬಯಲು ಈ ಕೆಲಸಕ್ಕೆ ಚೆನ್ನಾದ ಸ್ಥಳ.