ಹಡೆದವರ ಹಂಬಲ: ದತ್ತಕದ ಮನೆಯಲ್ಲಿ ತಪ್ಪು ಕಲ್ಪನೆ ಮತ್ತು ಸತ್ಯ

ದೂರದೇಶದಲ್ಲಿ ನೆಲೆಸಿದ ದಂಪತಿಗಳು ತಾಯ್ನಾಡಿಗೆ ಬಂದು, ಮಗುವೊಂದನ್ನು ವಿಧಿಪೂರ್ವಕವಾಗಿ ಸ್ವೀಕರಿಸಿ, ತಮ್ಮ ಮನೆಗೆ ಮರಳಿ, ಹೆಸರಿಟ್ಟು, ಬಂಧುಬಾಂಧವರಿಗೆ ಸಿಹಿ ಹಂಚಿದ ಮೇಲೆಯೂ, ಆ ಮಗುವನ್ನು ಹಡೆದವರು ಯಾರೋ, ಎಲ್ಲಿರುವರೋ, ಹೇಗಿರುವರೋ ಎಂಬ ಹಂಬಲವೊಂದು ಅವರ ಅಂತರಂಗದಲ್ಲಿ ಉಳಿದುಬಿಡುವುದುಂಟು. ಸಂತೋಷದ ನಡುವೆ ಹುಟ್ಟುವ ಈ ದುಃಖವನ್ನು ಯಾರಲ್ಲಿ ತೋಡಿಕೊಳ್ಳಬೇಕೆಂಬುದೇ ಅವರಿಗೆ ತಿಳಿಯದು. ವಿಜಯಪುರದ ಗೋಳಗುಮ್ಮಟದ ಸುತ್ತಣ ಓಣಿಗಳಿಗಾಗಲಿ, ತಿಕೋಟಾದ ದ್ರಾಕ್ಷಿತೋಟಗಳ ವಸ್ತಿಗಳಿಗಾಗಲಿ, ಬಬಲೇಶ್ವರದ ಒಕ್ಕಲು ಮನೆಗಳಿಗಾಗಲಿ ದತ್ತಕವು ಹೊಸ ಸಂಗತಿಯಲ್ಲ. ಅಣ್ಣನ ಮಗನನ್ನೋ ಅಕ್ಕನ ಮಗಳನ್ನೋ ಮಡಿಲಿಗೆ ತೆಗೆದುಕೊಂಡು, ಎರಡು ಮನೆಗಳ ನಡುವೆ ಹೋಗಿಬರುವ ಹಾದಿಯನ್ನು ತೆರೆದೇ ಇಟ್ಟುಕೊಂಡು ಬಾಳಿದವರು ಇಲ್ಲಿ ಹಲವರು. ಆದರೆ ಹಡೆದವರ ಗುರುತೇ ಇಲ್ಲದ ಮಗು ಬಂದಾಗ, ಅದರಲ್ಲಿಯೂ ಆ ಮಗು ಕಡಲಾಚೆಯ ಮನೆಗೆ ಸೇರಿದಾಗ, ಹಿರಿಯರ ಅನುಭವವು ಸಾಲದೆ ತಪ್ಪು ಕಲ್ಪನೆಗಳು ಬೇರೂರುತ್ತವೆ. ಅವುಗಳಲ್ಲಿ ಮುಖ್ಯವಾದ ಕೆಲವನ್ನು ಇಲ್ಲಿ ಪರಾಮರ್ಶಿಸಲಾಗಿದೆ.

ತಪ್ಪು ಕಲ್ಪನೆ 1: ಮಗು ಮನೆ ಸೇರಿದ ಮೇಲೆ ಹಡೆದವರ ನೆನಪು ಅಳಿಯಬೇಕು, ಅಳಿಯದಿದ್ದರೆ ಸಾಕುವವರ ಪ್ರೀತಿಯಲ್ಲಿಯೇ ಕೊರತೆಯುಂಟು.

ಸತ್ಯ: ಆ ಹಂಬಲಕ್ಕೆ ಮೂಲವು ಪ್ರೀತಿಯೇ. ಮಗುವಿನ ನಗೆಯನ್ನೂ ನಡಿಗೆಯನ್ನೂ ದಿನದಿನವೂ ಕಂಡು ಹಿಗ್ಗುವ ತಾಯಿಗೆ, ಈ ನಗೆ ಯಾರಿಂದ ಬಂದಿತೆಂಬ ಪ್ರಶ್ನೆ ಏಳುವುದು ಸಹಜ. ಇಥಿಯೋಪಿಯದಲ್ಲಿ, 2018ರ ಜನವರಿಯಲ್ಲಿ ಅಲ್ಲಿಯ ಸಂಸತ್ತು ವಿದೇಶೀಯರ ದತ್ತಕವನ್ನು ನಿಷೇಧಿಸುವವರೆಗೆ, ಎಷ್ಟೋ ದಂಪತಿಗಳು ಮಗುವಿನ ಹೆತ್ತವರನ್ನೋ ಅಜ್ಜಿಯನ್ನೋ ಮುಖಾಮುಖಿ ಕಂಡು ಬೀಳ್ಕೊಂಡು ಬರುತ್ತಿದ್ದರು. ಅವರದು ಕಂಡವರಿಗಾಗಿ ಪಡುವ ಕೊರಗು. ನಮ್ಮ ದೇಶದಲ್ಲಿ ಹಡೆದವರ ಗುರುತನ್ನು ಗೋಪ್ಯವಾಗಿಡುವುದು ನಿಯಮವಾದುದರಿಂದ, ಇಲ್ಲಿಂದ ಮಗುವನ್ನು ಕರೆದೊಯ್ದವರದು ಕಾಣದವರಿಗಾಗಿ ಪಡುವ ಕೊರಗು. ಸತ್ತಿಲ್ಲದ, ಆದರೆ ಕಣ್ಣೆದುರಿಗೂ ಇಲ್ಲದ ವ್ಯಕ್ತಿಗಾಗಿ ಮನಸ್ಸು ಪಡುವ ಇಂತಹ ದುಃಖವನ್ನು ಅಮೆರಿಕೆಯ ಪಾಲಿನ್ ಬಾಸ್ ಎಂಬ ವಿದುಷಿ 'ಅಸ್ಪಷ್ಟ ನಷ್ಟ'ವೆಂದು ಕರೆದು, 1999ರಲ್ಲಿ ಅದರ ಮೇಲೆ ಗ್ರಂಥವನ್ನೇ ಬರೆದರು. ಸಾವಿಗಾದರೆ ದಿನಕರ್ಮಗಳುಂಟು, ನೆಂಟರು ಬಂದು ಕೂರುವುದುಂಟು. ಈ ನಷ್ಟಕ್ಕೆ ಯಾವ ವಿಧಿಯೂ ಇಲ್ಲವಾದುದರಿಂದ ಅದು ಬೇಗನೆ ಮಾಗುವುದಿಲ್ಲವೆಂಬುದು ಅವರ ವಿವೇಚನೆಯ ಸಾರ.

ನಮ್ಮ ಜನಪದರು ಈ ಬಗೆಯ ಭಾವವನ್ನು ಅರಿಯದವರಲ್ಲ. ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಸಂಕಲನದಲ್ಲಿ, ಗಂಡನ ಮನೆಯಲ್ಲಿ ಸುಖವಾಗಿರುವ ಹೆಣ್ಣುಮಗಳು ತವರನ್ನು ನೆನೆದು ಹಾಡುವ ಹಾಡುಗಳು ಧಾರಾಳವಾಗಿವೆ. ತವರಿನ ಹಂಬಲದಿಂದ ಅತ್ತೆಯ ಮನೆಗೆ ಅವಮಾನವಾಯಿತೆಂದು ಯಾರೂ ಎಣಿಸಿದ್ದಿಲ್ಲ. ಆ ಔದಾರ್ಯವು ದತ್ತಕದ ಮನೆಗೂ ಸಲ್ಲತಕ್ಕದ್ದು. ವಿದೇಶಕ್ಕೆ ಹೋದ ಮಗುವಿನ ಯೋಗಕ್ಷೇಮವನ್ನು ಎರಡು ವರ್ಷಗಳವರೆಗೆ, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ವಿಚಾರಿಸಿ ವರದಿ ಮಾಡುವ ಸಮಾಜಕಾರ್ಯಕರ್ತರಿಂದ ಈ ದುಃಖವನ್ನು ಮುಚ್ಚಿಡಬೇಕಾದ ಕಾರಣವೂ ಇಲ್ಲ.

ತಪ್ಪು ಕಲ್ಪನೆ 2: ಹಡೆದವರ ಮಾತೆತ್ತಿದರೆ ಮಗು ಗೊಂದಲಕ್ಕೆ ಬಿದ್ದು, ಸಾಕಿದವರಿಂದ ದೂರವಾಗುವುದು.

ಸತ್ಯ: "ಹಡದಾಕಿ ಮಾತ ಕೂಸಿನ ಮುಂದ ಯಾಕ ತಗೀತಿ?" ಎಂದು ಗದರುವ ಆಯಿಯ ಮಾತಿನ ಹಿಂದೆ ಮೊಮ್ಮಗುವನ್ನು ಎಲ್ಲಿ ಕಳೆದುಕೊಳ್ಳುವೆನೋ ಎಂಬ ಭೀತಿಯಿದೆ, ಆ ಭೀತಿಗೆ ಗೌರವ ಕೊಡೋಣ, ಆದರೆ ಅದು ನಿರಾಧಾರವೆಂಬುದನ್ನೂ ತಿಳಿಸೋಣ. ಸ್ವತಃ ದತ್ತಕ ತಂದೆಯಾಗಿದ್ದ ಸಮಾಜಶಾಸ್ತ್ರಜ್ಞ ಡೇವಿಡ್ ಕರ್ಕ್ 1964ರಷ್ಟು ಹಿಂದೆಯೇ, ದತ್ತಕ ಸಂಸಾರವು ತನ್ನ ಭಿನ್ನತೆಯನ್ನು ಮರೆಮಾಚುವುದಕ್ಕಿಂತ ಒಪ್ಪಿಕೊಳ್ಳುವುದರಿಂದಲೇ ಪರಸ್ಪರ ವಿಶ್ವಾಸವು ಬಲಗೊಳ್ಳುವುದೆಂದು ಪ್ರತಿಪಾದಿಸಿದನು. ಅನಂತರ 1980ರ ದಶಕದ ಮಧ್ಯದಲ್ಲಿ ಅಮೆರಿಕೆಯ ಗ್ರೋಟೆವಾಂಟ್ ಮತ್ತು ಮ್ಯಾಕ್‌ರಾಯ್ ಎಂಬ ಇಬ್ಬರು ವಿದ್ವಾಂಸರು 190 ದತ್ತಕ ಕುಟುಂಬಗಳನ್ನೂ 169 ಹಡೆದ ತಾಯಂದಿರನ್ನೂ ಆರಿಸಿಕೊಂಡು ದೀರ್ಘಕಾಲದ ಅಧ್ಯಯನವನ್ನು ಕೈಗೊಂಡರು. ಹಡೆದವರೊಡನೆ ಸಂಪರ್ಕವಿದ್ದ ಮನೆಗಳಲ್ಲಿಯೂ ಮಕ್ಕಳಿಗೆ ತಮ್ಮ ತಂದೆತಾಯಿಗಳು ಯಾರೆಂಬ ಗೊಂದಲವಾಗಲಿಲ್ಲ. ಅಷ್ಟೇ ಅಲ್ಲದೆ, ಅವರು ಬಂದು ಮಗುವನ್ನು ಮರಳಿ ಕೇಳಿಯಾರೆಂಬ ಅಂಜಿಕೆಯು ಅಂತಹ ಪೋಷಕರಲ್ಲಿಯೇ ಕಡಿಮೆಯಾಗಿತ್ತು. ಅವು ಆ ದೇಶದೊಳಗಿನ ದತ್ತಕಗಳು, ನಮ್ಮ ಸನ್ನಿವೇಶ ಬೇರೆ, ನಿಜ. ಆದರೂ ಅರಿವಿಗಿಂತ ಮೌನವೇ ಭಯವನ್ನು ಹೆಚ್ಚಾಗಿ ಬೆಳೆಸುವುದೆಂಬ ಪಾಠವು ಎಲ್ಲ ಮನೆಗಳಿಗೂ ಅನ್ವಯಿಸುವಂತಹುದು.

ತಪ್ಪು ಕಲ್ಪನೆ 3: ಹಡೆದಾಕೆ ಬೇಡವೆಂದು ಬಿಟ್ಟವಳು, ಆಕೆ ಎಂದೋ ಮರೆತಿರುತ್ತಾಳೆ.

ಸತ್ಯ: ಮಕ್ಕಳ ನ್ಯಾಯ ಕಾಯಿದೆ, 2015ರ ಪ್ರಕಾರ ಮಗುವನ್ನು ಒಪ್ಪಿಸುವುದು ಮಕ್ಕಳ ಕಲ್ಯಾಣ ಸಮಿತಿಯ ಸಮಕ್ಷಮದಲ್ಲಿ. ತಮ್ಮ ಹಿಡಿತಕ್ಕೆ ಮೀರಿದ ದೈಹಿಕ, ಭಾವನಾತ್ಮಕ, ಸಾಮಾಜಿಕ ಕಾರಣಗಳಿಂದ ಒಪ್ಪಿಸುವವರೆಂದೇ ಕಾಯಿದೆಯು ಅಂತಹ ಹೆತ್ತವರನ್ನು ವರ್ಣಿಸುತ್ತದೆ. 'ಬೇಡವಾದ ಮಗು'ವೆಂಬ ಭಾವನೆಗೆ ಅಲ್ಲಿ ಎಡೆಯಿಲ್ಲ. ಮನಸ್ಸು ಬದಲಾದರೆ ಮರಳಿ ಬರಲು ಅವರಿಗೆ 60 ದಿನಗಳ ಅವಕಾಶವನ್ನೂ ಅದು ಕೊಟ್ಟಿದೆ. ಇನ್ನು ಮರವೆಯ ಮಾತು: ಮೇಲೆ ಹೇಳಿದ ಅಧ್ಯಯನದ ತಾಯಂದಿರನ್ನು ವರ್ಷಗಳ ಮೇಲೆ ಮಾತನಾಡಿಸಿದಾಗ, ಮಗುವಿನೊಡನೆ ಸಂಪರ್ಕವಿದ್ದವರೂ ಇಲ್ಲದವರೂ ಅದನ್ನು ಮನಸ್ಸಿನಲ್ಲಿ ಹೊತ್ತೇ ಇದ್ದರೆಂಬುದು ಕಂಡುಬಂದಿತು. ಬಡತನ, ಒಂಟಿತನ, ಜನಾಪವಾದದ ಭಯ ಇವುಗಳಿಂದ ಬೆನ್ನು ಮುರಿದ ಹೆಣ್ಣೊಬ್ಬಳು ತನ್ನ ಕೂಸು ಉಳಿಯಲೆಂದು ಮಾಡಿದ ನಿರ್ಧಾರವನ್ನು ತಿರಸ್ಕಾರವೆಂದು ಕರೆಯುವುದು ಆಕೆಗೂ, ಆಕೆಯ ರಕ್ತವನ್ನು ಹಂಚಿಕೊಂಡ ಮಗುವಿಗೂ ಮಾಡುವ ಅನ್ಯಾಯ.

ತಪ್ಪು ಕಲ್ಪನೆ 4: ದತ್ತಕದ ಆಜ್ಞೆಯಾದೊಡನೆ ಕಾನೂನು ಜನ್ಮಸಂಬಂಧವನ್ನು ನಿಶ್ಶೇಷವಾಗಿ ಅಳಿಸಿಹಾಕುತ್ತದೆ.

ಸತ್ಯ: ಮಗು ಸಕಲ ವಿಷಯಗಳಲ್ಲಿಯೂ ಸ್ವೀಕರಿಸಿದವರ ಮಗುವಾಗುವುದೆಂಬುದು ನಿಸ್ಸಂದೇಹ, 2022ರ ಸೆಪ್ಟೆಂಬರಿನಿಂದ ಆ ಆಜ್ಞೆಯನ್ನು ಹೊರಡಿಸುವ ಅಧಿಕಾರವು ನ್ಯಾಯಾಲಯದ ಬದಲಿಗೆ ಜಿಲ್ಲಾ ದಂಡಾಧಿಕಾರಿಗಳದಾಗಿದೆ. ಆದರೂ ಕಾನೂನು ಮೂಲವನ್ನು ಮರೆತಿಲ್ಲ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ, 1956ರ 12ನೆಯ ಕಲಮು, ಹುಟ್ಟಿದ ಮನೆಯಲ್ಲಿಯೇ ಉಳಿದಿದ್ದರೆ ಯಾರನ್ನು ವಿವಾಹವಾಗುವಂತಿರಲಿಲ್ಲವೋ ಅವರನ್ನು ದತ್ತಕದ ಅನಂತರವೂ ವಿವಾಹವಾಗಕೂಡದೆಂದು ವಿಧಿಸುತ್ತದೆ. ದತ್ತಕಕ್ಕೆ ಮೊದಲೇ ಮಗುವಿಗೆ ಪ್ರಾಪ್ತವಾದ ಆಸ್ತಿಯು ಅದರದಾಗಿಯೇ ಉಳಿಯುತ್ತದೆ. 1993ರ ಹೇಗ್ ಒಡಂಬಡಿಕೆಗೆ ಭಾರತವು 2003ರಲ್ಲಿ ಅನುಮೋದನೆಯಿತ್ತಿದೆ. ಮಗುವಿನ ಮೂಲ, ಹೆತ್ತವರ ಗುರುತು, ವೈದ್ಯಕೀಯ ವೃತ್ತಾಂತ ಇವುಗಳ ದಾಖಲೆಯನ್ನು ಕಾಪಾಡತಕ್ಕದ್ದೆಂದು ಅದರ 30ನೆಯ ವಿಧಿ ಹೇಳುತ್ತದೆ.

ನಮ್ಮ ಸಂಪ್ರದಾಯವೂ ಅಷ್ಟೇ ಉದಾರವಾಗಿತ್ತು. ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನ 'ಮಿತಾಕ್ಷರ'ವೇ ಮೊದಲಾದ ಧರ್ಮಶಾಸ್ತ್ರಗ್ರಂಥಗಳು ಉಭಯಕುಲಗಳಿಗೂ ಸೇರಿದ 'ದ್ವ್ಯಾಮುಷ್ಯಾಯಣ' ಪುತ್ರನನ್ನು ಬಲ್ಲವು. 1956ಕ್ಕೆ ಮುನ್ನ ಈ ಜಿಲ್ಲೆಯು ಮುಂಬಯಿ ಆಡಳಿತದಲ್ಲಿದ್ದ ಕಾಲದಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವೂ ಆ ಪದ್ಧತಿಯನ್ನು ಮಾನ್ಯ ಮಾಡಿತ್ತು. ಇದೇ ನಗರದ ಮುಸಲ್ಮಾನ ಬಂಧುಗಳ ಧರ್ಮದಲ್ಲಿಯೂ, ಸಾಕಿದ ಮಗುವು ತನ್ನ ಜನ್ಮದಾತನ ಹೆಸರಿನಿಂದಲೇ ಕರೆಯಲ್ಪಡಬೇಕೆಂಬ ಕಟ್ಟಳೆಯುಂಟು. ಮಕ್ಕಳ ನ್ಯಾಯ ಕಾಯಿದೆಯ ಮೇರೆಗೆ ದತ್ತು ಪಡೆಯುವ ಅವಕಾಶವು ಯಾವ ಮತದವರಿಗೂ ಉಂಟೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಹೀಗೆ ಎರಡು ಪರಂಪರೆಗಳೂ ಹುಟ್ಟನ್ನು ಮರೆಮಾಚದೆಯೇ ಮಗುವನ್ನು ಸಲಹಿದವು.

ತಪ್ಪು ಕಲ್ಪನೆ 5: ವಿದೇಶಕ್ಕೆ ಹೋದ ಮಗು ಭಾಗ್ಯಶಾಲಿ, ಹೋದುದನ್ನು ನೆನೆದು ಅಳುವುದು ಕೃತಘ್ನತೆ.

ಸತ್ಯ: 1984ರ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ವಿದೇಶೀ ದತ್ತಕಕ್ಕೆ ಕಟ್ಟುನಿಟ್ಟಾದ ಸೂತ್ರಗಳನ್ನು ಹಾಕಿಕೊಟ್ಟಂದಿನಿಂದ, ಸ್ವದೇಶದಲ್ಲಿ ಮನೆ ದೊರೆಯದಾಗಲೇ ಹೊರದೇಶವೆಂಬುದು ನಮ್ಮ ನೀತಿ. ಐದು ವರ್ಷ ಮೀರಿದ ಮಕ್ಕಳಿಗೂ, ಒಡಹುಟ್ಟಿದ ಮಕ್ಕಳಿಗೂ, ಅಂಗವೈಕಲ್ಯವುಳ್ಳವರಿಗೂ ಅಂತರದೇಶೀಯ ದತ್ತಕದಲ್ಲಿ ಆದ್ಯತೆ ಕೊಡಬಹುದೆಂದು ಈಗಿನ ಕಾಯಿದೆ ಹೇಳುತ್ತದೆ. ಆರೇಳು ವರ್ಷದ ಮಗುವಿಗೆ ಕನ್ನಡ ಬರುತ್ತದೆ. ರೊಟ್ಟಿ ಬಡಿಯುವ ಸದ್ದು ಗೊತ್ತು. ತಾನಿದ್ದ ಕೇಂದ್ರದ ಆಯಾಳ ಮುಖ ನೆನಪಿರುತ್ತದೆ. ಆ ಮಗು ಹಡೆದವರ ಜೊತೆಗೆ ಒಂದು ಭಾಷೆಯನ್ನೂ ಒಂದು ಊರನ್ನೂ ಕಳೆದುಕೊಳ್ಳುತ್ತದೆ. ಹೊಸ ಮನೆಯ ಸುಖವು ನಿಜವಾದಂತೆಯೇ ಹಳೆಯದರ ಅಗಲಿಕೆಯೂ ನಿಜ. ಒಂದಕ್ಕೆ ಋಣಿಯಾಗಿರಲು ಇನ್ನೊಂದನ್ನು ಅಲ್ಲಗಳೆಯಬೇಕಾಗಿಲ್ಲ.

ತಪ್ಪು ಕಲ್ಪನೆ 6: ಹಂಬಲವಿದ್ದರೆ ಊರಿಗೆ ಬಂದು, ಫೋಟೋ ತೋರಿಸಿ, ಹಡೆದವರನ್ನು ಹುಡುಕಿಬಿಡಬಹುದು.

ಸತ್ಯ: ಇದು ಎಲ್ಲಕ್ಕಿಂತ ಅಪಾಯಕರವಾದ ಕಲ್ಪನೆ. ಮೂಲದ ಶೋಧಕ್ಕೆ ನಿಯಮಬದ್ಧ ಮಾರ್ಗವುಂಟು: 18 ವರ್ಷ ತುಂಬಿದ ದತ್ತಕ ವ್ಯಕ್ತಿ ತಾನೇ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು, ಅದಕ್ಕಿಂತ ಚಿಕ್ಕವರಾದರೆ ಪೋಷಕರೊಡನೆ ಕೂಡಿ ಸಲ್ಲಿಸಬೇಕು. ಮೂರನೆಯವರು ಹುಡುಕಿಕೊಡುವುದಕ್ಕೆ ಅನುಮತಿಯಿಲ್ಲ. ಹೆಸರು ಗುಪ್ತವಾಗಿರಲೆಂದು ಹೆತ್ತವರು ಕೇಳಿಕೊಂಡಿದ್ದರೆ ಅವರ ಸಮ್ಮತಿ ಪಡೆಯಬೇಕು. ಅವರು ಒಪ್ಪದಿದ್ದರೆ, ಅಥವಾ ಸಿಗದಿದ್ದರೆ, ಒಪ್ಪಿಸಿದ ಸಂದರ್ಭವನ್ನಾದರೂ ಅರ್ಜಿದಾರರಿಗೆ ತಿಳಿಸಲಾಗುವುದು. ಇದನ್ನು ಮೀರಿ, ಕೂಸಿನ ಚಿತ್ರವನ್ನು ಮೊಬೈಲಿನಿಂದ ಮೊಬೈಲಿಗೆ ಹರಿಯಬಿಟ್ಟು ಊರೂರು ವಿಚಾರಿಸಿದರೆ, ಗಂಡ ಮಕ್ಕಳೊಡನೆ ಹೊಸ ಬಾಳು ಕಟ್ಟಿಕೊಂಡಿರಬಹುದಾದ ಹೆಣ್ಣೊಬ್ಬಳ ಸಂಸಾರವು ಒಂದೇ ದಿನದಲ್ಲಿ ಒಡೆದೀತು. ಆಕೆಯ ಗೌರವವನ್ನು ಕಾಯದ ಹಂಬಲವು ಆಕೆಯ ಮೇಲಣ ಪ್ರೀತಿಯೆನಿಸದು.

ಹಾಗಾದರೆ ಮನೆಯವರು ಮಾಡತಕ್ಕದ್ದೇನು? ಕೇಂದ್ರದಿಂದ ಬಂದ ಕಾಗದಪತ್ರ, ವೈದ್ಯಕೀಯ ವರದಿ, ಮೊದಲ ಅಂಗಿ, ಮೊದಲ ಚಿತ್ರ ಎಲ್ಲವನ್ನೂ ಜೋಪಾನ ಮಾಡಿರಿ. ಅವು ಮಗುವಿನ ಸ್ವತ್ತು. ಹುಟ್ಟಿದಹಬ್ಬದ ದಿನ ಹಡೆದವ್ವನ ಹೆಸರಿಗೊಂದು ದೀಪ ಹಚ್ಚಿರಿ, ಇಲ್ಲವೆ ಒಂದು ಪ್ರಾರ್ಥನೆ ಮಾಡಿರಿ. ಮಗು ಕೇಳಿದಾಗ ವಯಸ್ಸಿಗೆ ತಕ್ಕಷ್ಟು ಸತ್ಯವನ್ನು ಹೇಳಿರಿ. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದೇ ಹೇಳಿರಿ, ಕಥೆ ಕಟ್ಟದಿರಿ. ಅದು ಕೇಳದಿದ್ದರೂ ಕೇಳಬಹುದೆಂಬುದನ್ನು ತಿಳಿಯಗೊಡಿರಿ. ಊರಲ್ಲಿರುವ ಮುತ್ತ್ಯಾ, ಆಯಿ, ಕಾಕಾ, ಅತ್ತಿಯರೂ ಈ ಮಾತಿಗೆ ಜೊತೆಗೂಡಲಿ. ತನ್ನ ಹಡೆದವರನ್ನು ಗೌರವದಿಂದ ನೆನೆಯುವ ಮನೆಯಲ್ಲಿ ಬೆಳೆದ ಮಗು, ತನ್ನನ್ನು ತಾನು ಗೌರವಿಸಿಕೊಳ್ಳಲು ಕಲಿಯುತ್ತದೆ. ಸಾಕಿದವರು ಅದಕ್ಕೆ ಕೊಡಬಹುದಾದ ಆಸ್ತಿಯಲ್ಲಿ ಇದಕ್ಕಿಂತ ಹಿರಿದಾದುದು ಇಲ್ಲ.